ಸಾಂಕ್ರಾಮಿಕದ ನಡುವೆ ಶಾಲೆ ತೆರೆಯಬೇಕೆ? ಬೀಗ ತೆಗೆಯುವ ಮುನ್ನ ಹಾಕಬೇಕಾದ ಲೆಕ್ಕ

ವೈರಸ್‌ನ ಹೊಸ ತಳಿಯ ಸುದ್ದಿ ಬಂದಾಗಲೆಲ್ಲ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರು ಕೇಳುವುದು ಒಂದೇ ಪ್ರಶ್ನೆ: "ಪಾಸಿಟಿವಿಟಿ (ಪರೀಕ್ಷೆಗಳಲ್ಲಿ ಸೋಂಕು ಕಾಣುವ ಪ್ರಮಾಣ) ಎಷ್ಟಕ್ಕೆ ಇಳಿದರೆ ಶಾಲೆ ತೆರೆಯಬಹುದು? ಒಂದು ಅಂಕಿ ಹೇಳಿಬಿಡಿ." ಅಂಕಿ ಬೇಕು, ನಿಜ. ಆದರೆ ಅದೇ ತಾಲೂಕಿನಲ್ಲಿ, ಅದೇ ಅಂಕಿಗೆ, ಒಂದು ಶಾಲೆ ತೆರೆಯಲು ಯೋಗ್ಯವಾಗಿರುತ್ತದೆ, ಪಕ್ಕದ್ದು ಆಗಿರುವುದಿಲ್ಲ. ಏಕೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಉದಾಹರಣೆಗಳು ಕೋವಿಡ್ ಕಾಲದ ಕರ್ನಾಟಕದವು. ಲೆಕ್ಕ ಹಾಕುವ ರೀತಿ ಗಾಳಿಯಿಂದ ಹರಡುವ ಬೇರೆ ರೋಗಕ್ಕೂ ಸಲ್ಲುತ್ತದೆ.

ಲೆಕ್ಕಕ್ಕೆ ಕೂರುವ ಮೊದಲು ಇಷ್ಟನ್ನು ಕೈಗೆ ತೆಗೆದುಕೊಳ್ಳಿ: ಸರ್ಕಾರಿ ಆದೇಶದ ಪ್ರತಿ, ತಾಲೂಕು ಆರೋಗ್ಯಾಧಿಕಾರಿ ಕಚೇರಿಯಿಂದ ಕಳೆದ ಮೂರು ವಾರಗಳ ಪರೀಕ್ಷೆ ಮತ್ತು ಸೋಂಕಿನ ಸಂಖ್ಯೆ, ಮಕ್ಕಳ ಊರು ಮತ್ತು ಅವರು ಬರುವ ವಾಹನದ ಪಟ್ಟಿ, ಎಲ್ಲ ಸಿಬ್ಬಂದಿಯ ವಯಸ್ಸು ಮತ್ತು ಲಸಿಕೆಯ ವಿವರ, ಒಂದು ಅಳತೆ ಟೇಪು, ಒಂದು ಕಟ್ಟು ಊದುಬತ್ತಿ. ಊದುಬತ್ತಿ ಏಕೆಂದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ನಿಮ್ಮ ಕೈಯಲ್ಲಿರುವುದು ಯಾವುದು?

ದಿನಾಂಕ ನಿಮ್ಮ ಕೈಯಲ್ಲಿಲ್ಲ. 2020ರ ಸೆಪ್ಟೆಂಬರ್ 30ರ ಮಾರ್ಗಸೂಚಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಅಕ್ಟೋಬರ್ 15ರ ನಂತರ ಶಾಲೆ ತೆರೆಯುವ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು. ರಾಜ್ಯದ ಆದೇಶ ಬಂದ ಮೇಲೂ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ಬೇರೆ ನಿರ್ಬಂಧ ಹೇರಬಹುದು. ಆದೇಶಕ್ಕೆ ಮೊದಲು ತೆರೆಯುವ ಅಧಿಕಾರ ಯಾವ ಶಾಲೆಗೂ ಇಲ್ಲ.

ಆದೇಶದ ನಂತರದ್ದು ಬಹುಪಾಲು ನಿಮ್ಮದೇ: ಒಂದು ಕೊಠಡಿಗೆ ಎಷ್ಟು ಮಕ್ಕಳು, ಯಾವ ಪಾಳಿ, ಊಟ ಎಲ್ಲಿ, ಸೋಂಕು ಕಂಡರೆ ಯಾವ ಕೊಠಡಿ ಎಷ್ಟು ದಿನ ಮುಚ್ಚಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಆದೇಶದಲ್ಲಿರುವ ದಿನಾಂಕವೇ ತೆರೆಯುವ ದಿನ ಎಂದುಕೊಂಡು ಹಿಂದಿನ ದಿನ ಕಸ ಗುಡಿಸಲು ಶುರು ಮಾಡುತ್ತಾರೆ. ಕನಿಷ್ಠ ಹತ್ತು ದಿನದ ಸಿದ್ಧತೆ ಬೇಕು. ಇನ್ನೊಂದು ಮಾತು: ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಆದೇಶವೆಂದು ನಂಬಬೇಡಿ. ಆದೇಶ ಸಂಖ್ಯೆ, ದಿನಾಂಕ ನೋಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಕೈಗೊಂಡ ತೀರ್ಮಾನವನ್ನೆಲ್ಲ ಎಸ್‌ಡಿಎಂಸಿ ನಡಾವಳಿ ಪುಸ್ತಕದಲ್ಲಿ ಬರೆಸಿ.

ಹಂತ 2: ಈ ರೋಗದ ಸ್ವಭಾವ ಏನು?

ಮೂರು ಸಂಗತಿ ಸಾಕು. ಯಾರಿಗೆ ತೀವ್ರವಾಗುತ್ತದೆ? ಕೋವಿಡ್ ಮಕ್ಕಳಲ್ಲಿ ಬಹುತೇಕ ಸೌಮ್ಯವಾಗಿದ್ದು ಹಿರಿಯರನ್ನು ಹೆಚ್ಚು ಕಾಡಿತು. 2009ರ ಎಚ್1ಎನ್1 ಜ್ವರ ಮಕ್ಕಳು ಮತ್ತು ಯುವಜನರನ್ನೇ ಹೆಚ್ಚು ಹಿಡಿಯಿತು. ಮೊದಲನೆಯದರಲ್ಲಿ ಮುಖ್ಯ ಚಿಂತೆ ಶಿಕ್ಷಕರು ಮತ್ತು ಮನೆಯ ಅಜ್ಜ ಅಜ್ಜಿಯರದ್ದು, ಎರಡನೆಯದರಲ್ಲಿ ಮಕ್ಕಳದ್ದೇ.

ಲಕ್ಷಣ ಕಾಣಲು ಎಷ್ಟು ದಿನ? ಕೋವಿಡ್‌ಗೆ ಆರಂಭದಲ್ಲಿ ಸರಾಸರಿ 5ರಿಂದ 6 ದಿನ, ಹೆಚ್ಚೆಂದರೆ 14. ಫ್ಲೂಗೆ ಸುಮಾರು 2 ದಿನ. ಒಂದು ತರಗತಿಯ ಮೇಲೆ ಎಷ್ಟು ದಿನ ಕಣ್ಣಿಡಬೇಕು ಎಂಬುದು ಈ ಸಂಖ್ಯೆಯಿಂದ ಬರುತ್ತದೆ.

ಲಕ್ಷಣಕ್ಕೆ ಮೊದಲೇ ಹರಡುತ್ತದೆಯೆ? ಹರಡುವುದಾದರೆ ಗೇಟಿನಲ್ಲಿ ಜ್ವರ ನೋಡುವ ಯಂತ್ರ ಹಿಡಿದು ನಿಲ್ಲುವುದರಿಂದ ಸಿಗುವುದು ಅಲ್ಪ. ಆ ಕೆಲಸಕ್ಕೆ ಒಬ್ಬ ಶಿಕ್ಷಕರನ್ನು ದಿನಾ ಅರ್ಧ ಗಂಟೆ ನಿಲ್ಲಿಸುವ ಬದಲು ಆ ಅರ್ಧ ಗಂಟೆಯಲ್ಲಿ ಹಿಂದಿನ ದಿನ ಬರದ ಮಕ್ಕಳ ಮನೆಗೆ ಫೋನ್ ಮಾಡಿಸಿ.

ಹಂತ 3: ಅಂಕಿ ಓದುವುದು

ಪಾಸಿಟಿವಿಟಿ ದರ ಎಂದರೆ ಮಾಡಿದ ಪ್ರತಿ ನೂರು ಪರೀಕ್ಷೆಯಲ್ಲಿ ಎಷ್ಟರಲ್ಲಿ ಸೋಂಕು ಕಂಡಿತು ಎಂಬುದು. 2021ರಲ್ಲಿ ಕರ್ನಾಟಕ ಇಟ್ಟುಕೊಂಡ ಗೆರೆ ಶೇ 2. ಆಗಸ್ಟ್ 23ರಂದು 9ರಿಂದ 12ನೇ ತರಗತಿಗಳು ಈ ಗೆರೆಯ ಕೆಳಗಿದ್ದ ಜಿಲ್ಲೆಗಳಲ್ಲಿ ತೆರೆದವು. ಸೆಪ್ಟೆಂಬರ್ 6ರಂದು 6ರಿಂದ 8ನೇ ತರಗತಿಗೆ ತಾಲೂಕನ್ನೇ ಘಟಕವಾಗಿ ತೆಗೆದುಕೊಂಡರು. ಜಿಲ್ಲೆಯಿಂದ ತಾಲೂಕಿಗೆ ಇಳಿದದ್ದು ಒಳ್ಳೆಯ ನಡೆ. ಆದರೆ ಘಟಕ ಚಿಕ್ಕದಾದಷ್ಟೂ ಈ ದರ ಮೋಸ ಮಾಡುತ್ತದೆ.

ಲೆಕ್ಕ ನೋಡಿ. ಒಂದು ವಾರ 600 ಪರೀಕ್ಷೆ, 9 ಸೋಂಕು: ಶೇ 1.5. ಮುಂದಿನ ವಾರ ಜ್ವರ ಇದ್ದವರನ್ನಷ್ಟೇ ಪರೀಕ್ಷಿಸಿದರು, 200 ಪರೀಕ್ಷೆ, 7 ಸೋಂಕು: ಶೇ 3.5. ಸೋಂಕು ಕಂಡವರ ಸಂಖ್ಯೆ ಇಳಿದಿದೆ, ದರ ಮಾತ್ರ ಎರಡು ಪಟ್ಟು ಮೀರಿದೆ. ಇದರ ತಿರುವುಮುರುವೂ ಆಗುತ್ತದೆ. ಗುರಿ ಮುಟ್ಟಲೆಂದು ಬಸ್ ನಿಲ್ದಾಣದಲ್ಲಿ ಸಿಕ್ಕಸಿಕ್ಕವರ ಮೂಗಿಗೆ ಕಡ್ಡಿ ಹಾಕಿ 3,000 ಪರೀಕ್ಷೆ ಮಾಡಿದರು, 40 ಸೋಂಕು: ಶೇ 1.3. ಕಾಗದದ ಮೇಲೆ ಹಸಿರು, ಊರಲ್ಲಿ ರೋಗ ಏರುತ್ತಿದೆ. ಆದ್ದರಿಂದ ದರವನ್ನು ಒಂಟಿಯಾಗಿ ನೋಡಬೇಡಿ. ಪಕ್ಕದಲ್ಲಿ ಪರೀಕ್ಷೆಗಳ ಸಂಖ್ಯೆ, ಲಕ್ಷ ಜನಸಂಖ್ಯೆಗೆ ವಾರಕ್ಕೆ ಎಷ್ಟು ಹೊಸ ಸೋಂಕು ಎಂಬ ಲೆಕ್ಕ, ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗೆ ದಾಖಲಾದವರ ಸಂಖ್ಯೆ, ಈ ಮೂರನ್ನೂ ಬರೆದುಕೊಳ್ಳಿ. ಮೂರು ವಾರ ಸತತವಾಗಿ ಇಳಿಯುತ್ತಿದೆಯೆ ನೋಡಿ. ಒಂದು ದಿನದ ಅಂಕಿಗೆ ಬೆಲೆಯಿಲ್ಲ. ಹಬ್ಬದ ರಜೆಯಲ್ಲಿ ಪರೀಕ್ಷೆಗಳೇ ಇಳಿದಿರುತ್ತವೆ.

ಈಗ ಅದನ್ನು ನಿಮ್ಮ ಶಾಲೆಯ ಅಳತೆಗೆ ತನ್ನಿ. ತಾಲೂಕಿನ ಜನಸಂಖ್ಯೆ ಎರಡೂವರೆ ಲಕ್ಷ, ವಾರಕ್ಕೆ 40 ಸೋಂಕು ಎಂದರೆ ಲಕ್ಷಕ್ಕೆ 16. ಪರೀಕ್ಷೆಗೆ ಸಿಗದವರು ಇದರ ಎಷ್ಟೋ ಪಟ್ಟು ಇರುತ್ತಾರೆ. 2020ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸಿದ ಎರಡನೇ ಸೆರೋ ಸಮೀಕ್ಷೆ (ರಕ್ತದಲ್ಲಿ ಪ್ರತಿಕಾಯ ಇದೆಯೆ ಎಂದು ನೋಡಿ, ಹಿಂದೆ ಸೋಂಕು ತಗುಲಿತ್ತೆ ಎಂದು ತಿಳಿಯುವ ಸಮೀಕ್ಷೆ) ದಾಖಲಾದ ಒಂದು ಪ್ರಕರಣಕ್ಕೆ 26ರಿಂದ 32 ಸೋಂಕು ಇವೆ ಎಂದು ಅಂದಾಜಿಸಿತ್ತು. ಪರೀಕ್ಷೆ ಹೆಚ್ಚಿದ ಕಾಲಕ್ಕೆ ಹತ್ತು ಪಟ್ಟು ಎಂದಿಟ್ಟುಕೊಳ್ಳಿ: ಲಕ್ಷಕ್ಕೆ 160. ಮಕ್ಕಳು ಸಿಬ್ಬಂದಿ ಸೇರಿ 300 ಜನರ ಶಾಲೆಗೆ ಇದು 0.48, ಅಂದರೆ ಇಂಥ ಎರಡು ಶಾಲೆಗೆ ವಾರಕ್ಕೆ ಒಬ್ಬ ಸೋಂಕಿತ. 20 ಮಕ್ಕಳ ಕೊಠಡಿಗೆ 0.032, ಮೂವತ್ತು ಕೊಠಡಿಗೆ ಒಬ್ಬ.

ಈ ಲೆಕ್ಕ ಹಾಕಿದ ಮೇಲೆ "ಒಂದೂ ಕೇಸ್ ಬರಬಾರದು" ಎಂಬ ಮಾತು ಸಭೆಯಲ್ಲಿ ತಾನಾಗಿ ನಿಲ್ಲುತ್ತದೆ. ಬಂದೇ ಬರುತ್ತದೆ. ಬಂದದ್ದು ಆ ಕೊಠಡಿಯಲ್ಲೇ ನಿಲ್ಲುತ್ತದೆಯೆ ಎಂಬುದಕ್ಕೆ ಉಳಿದ ಹಂತಗಳು.

ಗಡಿ ತಾಲೂಕಿನವರು ಇನ್ನೊಂದು ಹೆಜ್ಜೆ ಹಾಕಬೇಕು. ಮಂಗಳೂರಿನ ಶಾಲೆಗೆ ಕಾಸರಗೋಡಿನಿಂದ, ಬೆಳಗಾವಿಯ ಶಾಲೆಗೆ ಮಹಾರಾಷ್ಟ್ರದ ಕಡೆಯಿಂದ ಮಕ್ಕಳೋ ಶಿಕ್ಷಕರೋ ಬರುತ್ತಾರೆ. ನಿಮ್ಮ ತಾಲೂಕಿನ ಅಂಕಿ ಅವರ ಊರಿನ ಕಥೆ ಹೇಳುವುದಿಲ್ಲ. ಅಲ್ಲಿಯ ಅಂಕಿಯನ್ನೂ ತರಿಸಿಕೊಳ್ಳಿ.

ಹಂತ 4: ಮುಚ್ಚಿದ್ದರ ಖರ್ಚನ್ನೂ ಬರೆಯಿರಿ

ತೆರೆದರೆ ಏನಾಗಬಹುದು ಎಂದು ಎಲ್ಲರೂ ಎಣಿಸುತ್ತಾರೆ. ಮುಚ್ಚಿಟ್ಟರೆ ಆಗುತ್ತಿರುವುದನ್ನು ಎಣಿಸುವವರು ಕಡಿಮೆ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 2ರಿಂದ 6ನೇ ತರಗತಿಯ 16,067 ಮಕ್ಕಳನ್ನು ನೋಡಿತು. ಶೇ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನೂ, ಶೇ 82 ಮಕ್ಕಳು ಕನಿಷ್ಠ ಒಂದು ಗಣಿತ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಹೊಸದು ಕಲಿಯದಿರುವುದು ಬೇರೆ, ಇದು ಕಲಿತದ್ದೇ ಮರೆತುಹೋದ ಲೆಕ್ಕ.

ನಿಮ್ಮ ಶಾಲೆಗೆ ಸಂಬಂಧಿಸಿ ನಾಲ್ಕು ಸಂಖ್ಯೆ ಬರೆಯಿರಿ: ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳೆಷ್ಟು, ಬಿಸಿಯೂಟ ಬಿಟ್ಟು ಮಧ್ಯಾಹ್ನ ಬೇರೆ ಊಟ ಇಲ್ಲದವರೆಷ್ಟು, ಕೂಲಿಗೋ ಇಟ್ಟಿಗೆ ಗೂಡಿಗೋ ಹೋಗಲು ಶುರು ಮಾಡಿದವರೆಷ್ಟು, ಮದುವೆಯ ಮಾತು ಕೇಳಿಬರುತ್ತಿರುವ ಹುಡುಗಿಯರೆಷ್ಟು. ಕೊನೆಯ ಎರಡು ಫೋನಿನಲ್ಲಿ ಸಿಗುವುದಿಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿಯನ್ನು ಕೇಳಿ. ಈ ಕಾಗದ ಮತ್ತು ಹಂತ 3ರ ಕಾಗದ ಸಭೆಯ ಮೇಜಿನ ಮೇಲೆ ಅಕ್ಕಪಕ್ಕ ಇರಬೇಕು.

ಹಂತ 5: ಕೊಠಡಿ ಅಳೆಯಿರಿ, ಗಾಳಿ ನೋಡಿ

ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಕೊಠಡಿ ಎಂದಿಟ್ಟುಕೊಳ್ಳಿ. ಕಪ್ಪುಹಲಗೆಯ ಮುಂದೆ ಆರು ಅಡಿ ಶಿಕ್ಷಕರಿಗೆ ಬಿಡಿ. ಗೋಡೆಯಿಂದ ಒಂದೊಂದು ಅಡಿ ಬಿಟ್ಟು, ಮಕ್ಕಳ ನಡುವೆ ಆರು ಅಡಿ ಇಟ್ಟರೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು, ಒಟ್ಟು 12 ಮಕ್ಕಳು. ಮೂರು ಅಡಿ ಇಟ್ಟರೆ ಏಳು ಇಂಟು ಐದು, 35. ಆರಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಶಾಲೆ ವಾರಕ್ಕೆ ಎರಡು ದಿನವೋ ಆರು ದಿನವೋ ಎಂಬುದನ್ನೇ ತೀರ್ಮಾನಿಸುತ್ತದೆ. 2020ರ ಅಕ್ಟೋಬರ್‌ನ ಕೇಂದ್ರದ ಮಾರ್ಗಸೂಚಿ ಆರು ಅಡಿ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಒಂದು ಮೀಟರ್ ಎಂದಿತ್ತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಮಾರ್ಚ್‌ನಲ್ಲಿ ಮಾಸ್ಕ್ ಹಾಕಿದ ತರಗತಿಗೆ ಆರರಿಂದ ಮೂರಕ್ಕೆ ಇಳಿಸಿತು. ನೀವು ತೆರೆಯುವಾಗ ಜಾರಿಯಲ್ಲಿರುವ ಆದೇಶ ಹೇಳಿದ ಅಂತರವನ್ನೇ ಹಿಡಿಯಿರಿ. ಆದೇಶ ಸಡಿಲ ಬಿಟ್ಟಿದ್ದರೆ, ಗಾಳಿ ಚೆನ್ನಾಗಿರುವ ಕೊಠಡಿಗೆ ಮೂರು ಅಡಿ ಸಾಕು. ಕಿಟಕಿಯೇ ಇಲ್ಲದ ಕೊಠಡಿಗೆ ಆರು ಅಡಿಯೂ ಸಾಲದು.

ಗಾಳಿ ನೋಡುವುದು ಹೀಗೆ. ಕಿಟಕಿ ಬಾಗಿಲು ತೆರೆದು ಕೊಠಡಿಯ ನಡುವೆ ಊದುಬತ್ತಿ ಹಚ್ಚಿಡಿ. ಹೊಗೆ ಒಂದು ಕಡೆಗೆ ಎಳೆದುಕೊಂಡು ಹೊರಹೋಗಬೇಕು. ನೇರ ಮೇಲೇರಿ ಅಲ್ಲೇ ತೇಲುತ್ತಿದ್ದರೆ ಗಾಳಿ ಆಡುತ್ತಿಲ್ಲ. ನಾಲ್ಕು ಮೂಲೆಯಲ್ಲೂ ಪರೀಕ್ಷಿಸಿ. ಹೆಚ್ಚಾಗಿ ಸಿಗುವ ತಪ್ಪುಗಳು: ಎದುರುಬದುರು ಕಿಟಕಿಯಲ್ಲಿ ಒಂದಕ್ಕೆ ಕಪಾಟು ಅಡ್ಡ ಇಟ್ಟಿರುತ್ತಾರೆ, ಜಾಲರಿಗೆ ದೂಳು ತುಂಬಿರುತ್ತದೆ, ಮಲೆನಾಡಿನಲ್ಲಿ ಮಳೆ ಇರಚಲಿಗೆ ಕಿಟಕಿಗೆ ಪ್ಲಾಸ್ಟಿಕ್ ಹೊಡೆದಿರುತ್ತಾರೆ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಕಿಟಕಿ ತೆರೆದಿದ್ದರಷ್ಟೇ ಅದರಿಂದ ಉಪಯೋಗ. ನಗರದ ಶಾಲೆಗಳಲ್ಲಿ ಗೋಡೆಗೆ ಹಾಕುವ ಸ್ಪ್ಲಿಟ್ ಏಸಿಯೂ ಸಾಮಾನ್ಯವಾಗಿ ಹೊರಗಿನ ಗಾಳಿ ತರುವುದಿಲ್ಲ.

ಕಾರ್ಬನ್ ಡೈಆಕ್ಸೈಡ್ (ಉಸಿರು ಬಿಟ್ಟಾಗ ಹೊರಬರುವ ಅನಿಲ; ಗಾಳಿ ಆಡದಿದ್ದರೆ ಕೊಠಡಿಯಲ್ಲೇ ಹೆಚ್ಚುತ್ತದೆ) ಮಾಪಕ ಕೊಳ್ಳುವ ಶಕ್ತಿ ಇದ್ದರೆ ಎನ್‌ಡಿಐಆರ್ (ಅವಗೆಂಪು ಬೆಳಕಿನಿಂದ ಅನಿಲ ಅಳೆಯುವ) ಸಂವೇದಕ ಇರುವುದನ್ನೇ ಕೊಳ್ಳಿ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ ತೋರಿಸಬೇಕು. (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂದು.) ಮಕ್ಕಳು ತುಂಬಿ ಅರ್ಧ ಗಂಟೆಯಾದ ಮೇಲೆ 800ರ ಆಸುಪಾಸಿನಲ್ಲಿದ್ದರೆ ಚೆನ್ನ. 1,000 ದಾಟಿದರೆ ಮಕ್ಕಳನ್ನು ಕಡಿಮೆ ಮಾಡಿ, ಇಲ್ಲವೇ ಪಾಠವನ್ನು ಜಗುಲಿಗೆ ತನ್ನಿ.

ಗಾಳಿ ಕೈಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ 2020ರ ಮೇ ತಿಂಗಳ ಜೆರುಸಲೇಂ ಸಾಕ್ಷಿ. ಶಾಲೆ ತೆರೆದ ಬೆನ್ನಲ್ಲೇ ಬಿಸಿಗಾಳಿ ಬೀಸಿತು. ಮಾಸ್ಕ್‌ಗೆ ವಿನಾಯಿತಿ ಕೊಟ್ಟರು, ಏಸಿ ಹಾಕಿ ಕೂತರು. ಒಂದೇ ಪ್ರೌಢಶಾಲೆಯಲ್ಲಿ 153 ವಿದ್ಯಾರ್ಥಿಗಳಿಗೆ, 25 ಸಿಬ್ಬಂದಿಗೆ ಸೋಂಕು ದೃಢಪಟ್ಟಿತು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್‌ನಲ್ಲಿ ತೆರೆಯುವವರು ಇದನ್ನು ನೆನಪಿಡಬೇಕು. ಅಲ್ಲಿ ಬೆಳಗಿನ ಶಾಲೆಯೇ ದಾರಿ.

ನಲಿಕಲಿ (ಚಟುವಟಿಕೆಯ ಮೂಲಕ ಕಲಿಸುವ) ತರಗತಿಯಲ್ಲಿ ಮಕ್ಕಳು ಗುಂಪಾಗಿ, ಮುಖಾಮುಖಿ ಕೂರುತ್ತಾರೆ. ಅದನ್ನು ಒಡೆದು ಸಾಲಿನಲ್ಲಿ ಕೂರಿಸಿದರೆ ಕಲಿಕೆಯ ವಿಧಾನವೇ ಮುರಿಯುತ್ತದೆ. ಗುಂಪನ್ನು ಐದಾರು ಮಕ್ಕಳಿಗೆ ಸೀಮಿತಗೊಳಿಸಿ, ಗುಂಪು ಬದಲಿಸದೆ, ಸಾಧ್ಯವಾದರೆ ಮರದಡಿ ಕೂರಿಸಿ.

ಹಂತ 6: ದೊಡ್ಡವರ ಪಟ್ಟಿ

ಶಾಲೆಯೊಳಗೆ ಸೋಂಕು ಓಡಾಡುವ ದಾರಿಯಲ್ಲಿ ಸ್ಟಾಫ್ ರೂಮ್ ಒಂದು. ಮಕ್ಕಳ ನಡುವೆ ಮಾಸ್ಕ್ ಹಾಕಿಕೊಂಡಿದ್ದವರು ಅಲ್ಲಿಗೆ ಬಂದು ತೆಗೆದು ಚಹಾ ಕುಡಿಯುತ್ತಾರೆ. ಚಹಾ ಹೊರಗೆ ಕುಡಿಯಲಿ.

ಲಸಿಕೆ ಲಭ್ಯವಿದ್ದರೆ ದಿನ ಎಣಿಸಿ. 2021ರ ಮೇ ನಂತರ ಕೋವಿಶೀಲ್ಡ್‌ನ ಎರಡು ಡೋಸಿನ ನಡುವೆ ಕನಿಷ್ಠ 84 ದಿನ ಇತ್ತು. ಎರಡನೆಯದು ಕೆಲಸ ಮಾಡಲು ಇನ್ನೂ 14. ಅಂದರೆ ಆಗ ಮೊದಲ ಡೋಸ್ ಪಡೆದವರಿಗೆ ಪೂರ್ಣ ರಕ್ಷಣೆ ಸಿಗುತ್ತಿದ್ದುದು 98 ದಿನಕ್ಕೆ. ಪಟ್ಟಿಯಲ್ಲಿ ಬಿಟ್ಟುಹೋಗುವವರು ಯಾವಾಗಲೂ ಅವರೇ: ಅಡುಗೆಯವರು, ಆಯಾ, ವಾಹನದ ಚಾಲಕ, ಅತಿಥಿ ಶಿಕ್ಷಕರು.

ಹಂತ 7: ಮೊದಲು ಯಾರು, ಯಾವ ಗುಂಪು?

ಡೆನ್ಮಾರ್ಕ್ 2020ರ ಏಪ್ರಿಲ್ 15ರಂದು ಚಿಕ್ಕ ಮಕ್ಕಳಿಂದ ಶುರು ಮಾಡಿತು. ನಮ್ಮಲ್ಲಿ ತದ್ವಿರುದ್ಧ. 2021ರ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು. ಎರಡನೇ ಅಲೆಯ ನಂತರವೂ ಮೇಲಿನಿಂದ ಕೆಳಗೆ ಇಳಿದು, 1ರಿಂದ 5ನೇ ತರಗತಿ ತೆರೆದದ್ದು ಅಕ್ಟೋಬರ್ 25ಕ್ಕೆ. ಅದಕ್ಕೆ ಮೂರು ತಿಂಗಳು ಮೊದಲೇ ಐಸಿಎಂಆರ್ ಮುಖ್ಯಸ್ಥರು ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಒಳಿತು ಎಂದಿದ್ದರು. ಆ ಸಲಹೆ ನಮ್ಮಲ್ಲಿ ನಡೆಯಲಿಲ್ಲ. 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಶಾಲೆಯ ಬೆಂಚು ನೋಡುವ ಹೊತ್ತಿಗೆ ಎರಡನೇ ತರಗತಿಯಲ್ಲಿತ್ತು. ಹತ್ತನೇ ತರಗತಿಯ ಹುಡುಗ ಪುಸ್ತಕ ಹಿಡಿದು ತಾನೇ ಓದಿಕೊಳ್ಳಬಲ್ಲ, ಅಕ್ಷರವೇ ಬಾರದ ಮಗುವಿಗೆ ಆ ದಾರಿ ಇಲ್ಲ. ರೋಗ ಚಿಕ್ಕ ಮಕ್ಕಳಿಗೆ ಸೌಮ್ಯವಾಗಿದ್ದರೆ ಒಂದರಿಂದ ಮೂರನೇ ತರಗತಿಯನ್ನು ಹತ್ತನೆಯದರ ಜೊತೆಗೇ ತೆರೆಯಲು ಅನುಮತಿ ಕೇಳಿ. ಎಚ್1ಎನ್1ನಂಥ ರೋಗವಾದರೆ ಈ ಸಲಹೆ ನಡೆಯದು.

ದಿನ ಬಿಟ್ಟು ದಿನ ಗುಂಪು ಮಾಡುವಾಗ ಹಾಜರಿ ಸಂಖ್ಯೆಯನ್ನು ಸಮ, ಬೆಸ ಎಂದು ಒಡೆಯಬೇಡಿ. ಅಣ್ಣ ಸೋಮವಾರ, ತಂಗಿ ಮಂಗಳವಾರ ಬಂದರೆ ಒಂದೇ ಮನೆಯಿಂದ ಎರಡೂ ಗುಂಪಿಗೆ ಸೋಂಕು ತಲುಪುತ್ತದೆ. ಊರು, ಕೇರಿ, ಬರುವ ಆಟೊ ಅಥವಾ ವ್ಯಾನ್ ನೋಡಿ ಒಡೆಯಿರಿ. ಒಂದೇ ಮನೆಯ ಮಕ್ಕಳು ಒಂದೇ ದಿನ ಬರಲಿ. ವಸತಿ ಶಾಲೆ, ಹಾಸ್ಟೆಲ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ತರಗತಿಯಲ್ಲಿ ಎಷ್ಟು ಎಚ್ಚರ ವಹಿಸಿದರೂ ರಾತ್ರಿ ಎಲ್ಲರೂ ಒಂದೇ ಹಾಲ್‌ನಲ್ಲಿ ಮಲಗುತ್ತಾರೆ.

ಹಂತ 8: ನೀರು, ಶೌಚಾಲಯ, ಊಟ

ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ನೀರು ಬಳಸಬೇಡಿ. ಖಾಲಿ ಮಾಡಿ, ಉಜ್ಜಿ ತೊಳೆದು, ತುಂಬಿ, ಸಾವಿರ ಲೀಟರಿಗೆ ಶೇ 33ರ ಬ್ಲೀಚಿಂಗ್ ಪುಡಿ 150 ಗ್ರಾಂ ಕರಗಿಸಿ ಹಾಕಿ. ರಾತ್ರಿಯಿಡೀ ಬಿಟ್ಟು ಆ ನೀರನ್ನು ನಲ್ಲಿಗಳ ಮೂಲಕವೇ ಹೊರಬಿಡಿ, ಮತ್ತೆ ತೊಳೆದು ಹೊಸ ನೀರು ತುಂಬಿಸಿ. ಆ ರಾತ್ರಿಯ ನೀರನ್ನು ಯಾರೂ ಕುಡಿಯದಂತೆ ನಲ್ಲಿಗೆ ಚೀಟಿ ಕಟ್ಟಿ.

ಕೈ ತೊಳೆಯಲು ಒಬ್ಬರಿಗೆ 40 ಸೆಕೆಂಡು ಹಿಡಿಯಿರಿ. ನೂರು ಮಕ್ಕಳು, ನಾಲ್ಕು ನಲ್ಲಿ: ಸುಮಾರು 17 ನಿಮಿಷ. ವೇಳಾಪಟ್ಟಿಯಲ್ಲಿ ಇಷ್ಟು ಜಾಗ ಬಿಡದಿದ್ದರೆ ನಲ್ಲಿಯ ಮುಂದೆಯೇ ಜಾತ್ರೆ ಸೇರುತ್ತದೆ.

ಬೆಂಚು, ಹಿಡಿಕೆ ಒರೆಸಲು ಶೇ 5ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) 20 ಮಿಲಿ ತೆಗೆದುಕೊಂಡು ನೀರು ಸೇರಿಸಿ ಒಂದು ಲೀಟರ್ ಮಾಡಿ. ದಿನಾ ಹೊಸದಾಗಿ ಕಲಸಿ, ನಿನ್ನೆಯದರಲ್ಲಿ ಸತ್ವ ಇಳಿದಿರುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮಕ್ಕಳ ಮೈಮೇಲೆ ಸಿಂಪಡಿಸಲೇಬಾರದು. ಗಾಳಿಯಿಂದ ಹರಡುವ ರೋಗಕ್ಕೆ ಈ ಒರೆಸುವ ಕೆಲಸ ಎರಡನೇ ದರ್ಜೆಯದು. ದುಡ್ಡು ಒಂದಕ್ಕೇ ಸಾಲುವುದಾದರೆ ಕಿಟಕಿ ರಿಪೇರಿ ಮಾಡಿಸಿ.

ಎಲ್ಲರ ಮಾಸ್ಕ್ ಒಟ್ಟಿಗೆ ಕಳಚುವುದು ಬಿಸಿಯೂಟದ ಹೊತ್ತಿನಲ್ಲಿ. ಹಾಗಂತ ಊಟ ನಿಲ್ಲಿಸಿದರೆ ಬಡಮಕ್ಕಳೇ ಮೊದಲು ಶಾಲೆ ಬಿಡುತ್ತಾರೆ. ಅಂಗಳದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ, ತರಗತಿವಾರು 20 ನಿಮಿಷದ ಸರದಿಯಲ್ಲಿ ಬಡಿಸಿ. ದಾಸ್ತಾನು ಕೋಣೆಯ ಹಳೆಯ ಬೇಳೆ, ಅಕ್ಕಿಯಲ್ಲಿ ಹುಳು ಬಿದ್ದಿದೆಯೆ, ಹಾಲಿನ ಪುಡಿಯ ಅವಧಿ ಮುಗಿದಿದೆಯೆ ಎಂದು ವಾರ ಮೊದಲೇ ನೋಡಿ.

ಹಂತ 9: ಪೋಷಕರ ಸಭೆ

ಲಿಖಿತ ಒಪ್ಪಿಗೆ ಪಡೆಯಿರಿ. ಆದರೆ "ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ" ಎಂದು ಬರೆಸಿಕೊಳ್ಳಬೇಡಿ. ಅದರಿಂದ ನಿಮ್ಮ ಹೊಣೆ ಇಳಿಯುವುದಿಲ್ಲ, ಪೋಷಕರ ನಂಬಿಕೆ ಮಾತ್ರ ಇಳಿಯುತ್ತದೆ. ಹಾಜರಾತಿ ಕಡ್ಡಾಯ ಮಾಡಬೇಡಿ, ಪೂರ್ಣ ಹಾಜರಾತಿಗೆ ಬಹುಮಾನವನ್ನಂತೂ ಆ ವರ್ಷ ಕೈಬಿಡಿ. ಬಹುಮಾನದ ಆಸೆಗೆ ಜ್ವರ ಮುಚ್ಚಿಟ್ಟುಕೊಂಡು ಬರುವ ಮಕ್ಕಳಿದ್ದಾರೆ.

ಹಂತ 10: ಮುಚ್ಚುವ ನಿಯಮವನ್ನು ತೆರೆಯುವ ಮೊದಲೇ ಬರೆಯಿರಿ

ಮೊದಲ ಸೋಂಕು ಕಂಡ ದಿನ ಗೇಟಿನ ಮುಂದೆ ಜನ ಸೇರಿದಾಗ ನಿಯಮ ಬರೆಯಲಾಗದು. ಸರ್ಕಾರದ ಆದೇಶದಲ್ಲಿ ಬೇರೆ ಇಲ್ಲದಿದ್ದರೆ ಹೀಗೆ ಶುರು ಮಾಡಬಹುದು. ಒಂದು ಕೊಠಡಿಯಲ್ಲಿ ಒಬ್ಬರಿಗೆ ಸೋಂಕು: ಆ ಕೊಠಡಿ ಮಾತ್ರ ಬಂದ್, ಉಳಿದವು ನಡೆಯಲಿ. ಹದಿನಾಲ್ಕು ದಿನದೊಳಗೆ ಎರಡು ಬೇರೆ ಕೊಠಡಿಯಲ್ಲಿ ಸೋಂಕು: ಇಬ್ಬರೂ ಒಂದೇ ಮನೆ, ಒಂದೇ ವ್ಯಾನಿನವರೇ ನೋಡಿ; ಹೌದಾದರೆ ಆ ಎರಡು ಕೊಠಡಿ ಮತ್ತು ಆ ವ್ಯಾನಿನವರು, ಅಲ್ಲವಾದರೆ ಇಡೀ ಪಾಳಿ. ಪಾಠ ಮಾಡಲು ಮೂರನೇ ಎರಡರಷ್ಟು ಶಿಕ್ಷಕರೂ ಇಲ್ಲ: ಶಾಲೆ ಬಂದ್. ಮಾಮೂಲು ದಿನ ಇಬ್ಬರು ಗೈರಾಗುವ ತರಗತಿಯಲ್ಲಿ ಒಂದೇ ದಿನ ಆರು ಮಕ್ಕಳು ಜ್ವರವೆಂದು ಬರಲಿಲ್ಲ: ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್.

ಸೋಂಕಿತ ಮಗುವಿನ ಹೆಸರನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ, ತರಗತಿಯ ಹೆಸರು ಸಾಕು. ಕೊಠಡಿ ಮುಚ್ಚುವ ಚೀಟಿಯಲ್ಲಿ ಮತ್ತೆ ತೆರೆಯುವ ದಿನಾಂಕವನ್ನೂ, ಆ ನಡುವೆ ಊಟದ ಧಾನ್ಯವನ್ನು ಯಾರು ಯಾವ ದಿನ ಮನೆಗೆ ತಲುಪಿಸುತ್ತಾರೆ ಎಂಬುದನ್ನೂ ಬರೆದು ಗೇಟಿಗೆ ಅಂಟಿಸಿ.